ಬೈಯುವವರ ಪಾಳಿ

ಪರದೇಶದಲ್ಲಿ ಬಹುಕಾಲ ನೆಲೆಸಿದವರಿಗೆ ಆ ದೇಶದ ಬಗ್ಗೆ ‘ಮಿಶ್ರ ಭಾವನೆ’ ಇರುತ್ತದೆ ಎಂದು ಬರೆದವರೆಲ್ಲ ಬ್ರಹ್ಮಚಾರಿಗಳೇ ಇರಬೇಕು. ಪ್ರೀತಿ, ಸಿಟ್ಟು ಎರಡೂ ಒಂದೇ ಎದೆಯಲ್ಲಿ ಒಟ್ಟಿಗೆ ಕುದಿಯುವುದು ಒಂಟಿ ಜೀವಗಳಿಗೆ ಮಾತ್ರ. ಸಂಸಾರಸ್ಥರಲ್ಲಿ ಅದು ಪಾಲಾಗಿರುತ್ತದೆ. ಗಂಡ ದೇಶವನ್ನು ಹೊಗಳಿದರೆ ಹೆಂಡತಿ ಬೈಯುತ್ತಾಳೆ. ಹೆಂಡತಿ ಹೊಗಳಿದ ದಿನ ಗಂಡನ ಬಾಯಿಗೆ ಬೈಗುಳ ತಾನಾಗಿ ಬರುತ್ತದೆ. ನೋಡುವವರಿಗೆ ಅದು ಜಗಳ. ನಮಗೆ ಅದು ಮನೆ ನಡೆಸುವ ರೀತಿ.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ. ನಾನು ತಿಪಟೂರಿನವನು, ಹೆಂಡತಿ ಮೈಸೂರಿನವಳು. ಮಗಳನ್ನು ಯಾವ ಊರಮ್ಮ ಎಂದು ಕೇಳಿದರೆ ‘ಎರಡನೇ ಮಹಡಿ’ ಎನ್ನುತ್ತಾಳೆ. ಕಾರುಗಳ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಎರಡು ವರ್ಷ ಇದ್ದು, ನಾಲ್ಕು ಕಾಸು ಕೂಡಿಸಿಕೊಂಡು ವಾಪಸ್ ಹೋಗೋಣ ಎಂದು ಬಂದವನು. ಲೋಕದ ಕಾರುಗಳನ್ನೆಲ್ಲ ನಿಲ್ಲಿಸುತ್ತೇನೆ, ನನ್ನ ಗಾಡಿ ಮಾತ್ರ ನಿಂತಿಲ್ಲ. ಕಚೇರಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ನನ್ನ ಜರ್ಮನ್ ಏನಿದ್ದರೂ ಮೆಟ್ಟಿಲ ಮೇಲೆ.

ಆ ಮೆಟ್ಟಿಲಿನ ವಿಷಯವನ್ನೇ ಮೊದಲು ಹೇಳಬೇಕು. ಈ ಸೀಮೆಯಲ್ಲಿ ಕೇರ್‌ವೋಖ ಎಂಬ ಪದ್ಧತಿಯಿದೆ. ವಾರಕ್ಕೊಂದು ಮನೆಯವರು ಸರದಿಯಲ್ಲಿ ಕಟ್ಟಡದ ಮೆಟ್ಟಿಲು, ನೆಲಮಾಳಿಗೆ, ಮುಂಬಾಗಿಲ ಎದುರಿನ ಕಾಲುದಾರಿ ಎಲ್ಲವನ್ನೂ ಗುಡಿಸಿ ಒರೆಸಬೇಕು. ಹಿಮ ಬಿದ್ದರೆ ಅದನ್ನೂ ಕೆರೆದು ಹಾಕಬೇಕು. ಪಾಳಿ ಬಂದವರ ಬಾಗಿಲಿಗೆ ಒಂದು ಪುಟ್ಟ ಫಲಕ ಬಂದು ನೇತಾಡುತ್ತದೆ. 1492ರಲ್ಲಿ ಎಬರ್‌ಹಾರ್ಡ್ ಎಂಬ ಗಡ್ಡದ ದೊರೆ, ಊರಿನ ಕೊಳೆಯನ್ನು ಅವರವರೇ ಹೊರಹಾಕಬೇಕೆಂದು ಕಟ್ಟಳೆ ಮಾಡಿದ್ದೇ ಇದರ ಮೂಲ ಎನ್ನುತ್ತಾರೆ. ಅದೇ ವರ್ಷ ಕೊಲಂಬಸ್ ಇಂಡಿಯಾ ಹುಡುಕಿಕೊಂಡು ಹೊರಟು ಅಮೆರಿಕ ಮುಟ್ಟಿದ. ಈ ಸೀಮೆಯ ಶ್ವಾಬ ಜನ ಎಲ್ಲಿಗೂ ಹೊರಡಲಿಲ್ಲ. ಮನೆ ಮುಂದೆ ಗುಡಿಸುತ್ತ ನಿಂತರು. ಐನೂರು ವರ್ಷ ಕಾದರೆ ಗುಡಿಸುವುದಕ್ಕೆ ಇಂಡಿಯಾವೇ ಬರುತ್ತದೆಂದು ಗೊತ್ತಿತ್ತೋ ಏನೋ.

ನಗರಾಡಳಿತ ತನ್ನ ಕಟ್ಟಳೆಯನ್ನು 1988ರಲ್ಲೇ ಕೈಬಿಟ್ಟಿತು. ಬಾಡಿಗೆ ಕರಾರುಗಳು ಬಿಡಲಿಲ್ಲ. ಕೆಳಗಿನ ಮನೆಯ ಅಜ್ಜಿಯಂತೂ ಆ ಸುದ್ದಿಯನ್ನು ಒಪ್ಪಿಕೊಂಡೇ ಇಲ್ಲ. ಎಂಬತ್ತು ದಾಟಿದ ಆಕೆ ಶನಿವಾರ ಸಂಜೆ ಸುಮ್ಮನೆ ಗಾಳಿ ತೆಗೆದುಕೊಳ್ಳುವ ನೆಪದಲ್ಲಿ ಮೇಲಕ್ಕೆ ಹತ್ತಿ, ಕೈಪಿಡಿ ಕಂಬಿಯ ಕೆಳಗೆ ಒಂದು ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿ ಇಳಿದು ಹೋಗುತ್ತಾರೆ. ಕಂಬಿಯ ಕೆಳಗೂ ಧೂಳು ಕೂರುತ್ತದೆ ಎಂಬುದು ನನಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ತಿಪಟೂರಿನಲ್ಲಿ ನಾನು ಪೊರಕೆ ಮುಟ್ಟಿದ್ದು ಜಿರಲೆ ಹೊಡೆಯಲು ಮಾತ್ರ. ಆದ್ದರಿಂದ ಶನಿವಾರದ ವಿಡಿಯೋ ಕರೆಗಳನ್ನು ನಾನು ಬಹಳ ಎಚ್ಚರದಿಂದ ನಿಭಾಯಿಸುತ್ತಿದ್ದೆ. ಒಂದು ದಿನ ಅಮ್ಮ ನನಗಿಂತ ಎಚ್ಚರವಾಗಿದ್ದಳು.

“ಲೋ, ಕೈಯಲ್ಲಿ ಅದೇನೋ ಕೋಲು?”

“ಇಲ್ಲೀ ಕಡೆ ಒಂದು ಆಟ ಅಮ್ಮ.”

ಹಿಂದಿನಿಂದ ನನ್ನ ಹೆಂಡತಿಯ ಧ್ವನಿ ಬಂತು: “ಅತ್ತೆ, ನಿಮ್ಮ ಮಗ ಮೆಟ್ಟಿಲು ಒರೆಸ್ತಾ ಇದಾರೆ. ನೋಡಿ, ಕ್ಯಾಮೆರಾ ತಿರುಗಿಸ್ತೀನಿ.”

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೂಲೆ ಬಿಟ್ಟಿದೀಯ ನೋಡು” ಎಂದಳು.

ಅಂದಿನಿಂದ ನನ್ನ ದೇಶಪ್ರೇಮ ಫಲಕದ ಲೆಕ್ಕದಲ್ಲಿ ನಡೆಯುತ್ತಿದೆ. ಫಲಕ ನಮ್ಮ ಬಾಗಿಲಿಗೆ ಬಂದ ವಾರ, ಮನುಷ್ಯನನ್ನು ಯಂತ್ರ ಮಾಡುವ ಈ ಸಂಸ್ಕೃತಿಯ ಶುಷ್ಕತೆಯ ಬಗ್ಗೆ ಮಾತಾಡುತ್ತೇನೆ. ಫಲಕ ಎದುರುಮನೆಗೆ ಹೋದ ವಾರ, ಇಲ್ಲಿ ಡಾಕ್ಟರೂ ಒರೆಸುತ್ತಾನೆ, ಡ್ರೈವರೂ ಒರೆಸುತ್ತಾನೆ, ದುಡಿಮೆಯ ಘನತೆಯೆಂದರೆ ಇದು ಎಂದು ಭಾಷಣ ಮಾಡುತ್ತೇನೆ. “ನಿಮ್ಮ ಸಿದ್ಧಾಂತಕ್ಕೆ ಒಂದು ಮೊಳೆ ಸಾಕು, ಎಲ್ಲಿ ಬೇಕಾದ್ರೂ ನೇತು ಹಾಕಬಹುದು” ಎಂದು ಹೆಂಡತಿ ಹೇಳುತ್ತಾಳೆ.

ಅವಳ ತಕರಾರುಗಳು ಅಡುಗೆಮನೆಯವು. ಮೈಸೂರಿನಿಂದ ತಂದ ಮಿಕ್ಸಿ ಇಲ್ಲಿ ನಿರಾಯಾಸ ತಿರುಗುತ್ತದೆ. ಎರಡು ದೇಶಕ್ಕೂ ಇರುವುದು 230 ವೋಲ್ಟಿನ ವಿದ್ಯುತ್ತೇ, ಪಿನ್ನಿಗೊಂದು ಅಡಾಪ್ಟರ್ ಸಿಕ್ಕಿಸಿದರೆ ಆಯಿತು. ಆದರೆ ತಿರುಗಿಸುವ ಹೊತ್ತು ನಮ್ಮ ಕೈಯಲ್ಲಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಕೂಡದು. ಭಾನುವಾರವಂತೂ ಇಡೀ ದಿನ ಮೌನವ್ರತ. ಹಾಗಾಗಿ ದೋಸೆ ಎಂಬುದು ನಮ್ಮ ಮನೆಯಲ್ಲಿ ಆಸೆಯಾದಾಗ ಆಗುವ ತಿಂಡಿಯಲ್ಲ, ಕಾರ್ಯಕ್ರಮ. ನೆನೆಹಾಕುವುದು, ರುಬ್ಬುವುದು ಎಲ್ಲ ಕಾನೂನಿನ ಗಡಿಯಾರ ನೋಡಿಕೊಂಡು. ರುಬ್ಬಿದ್ದು ಜನವರಿಯ ಚಳಿಯಲ್ಲಿ ಹುಳಿ ಬರುವುದಿಲ್ಲ. ಓವನ್ನಿನೊಳಗೆ ಪಾತ್ರೆಯಿಟ್ಟು, ಶಾಖ ಹಾಕದೆ ಬರೀ ದೀಪ ಹಚ್ಚಿಡುತ್ತಾಳೆ. ರಾತ್ರಿ ನೀರಿಗೆಂದು ಎದ್ದಾಗ ಆ ನಸುಬೆಳಕಿನಲ್ಲಿ ಹಿಟ್ಟಿನ ಪಾತ್ರೆಯ ಮುಂದೆ ಕೂತು, ಉಬ್ಬಿತೇ ಎಂದು ಇಣುಕುತ್ತಿರುವ ಅವಳನ್ನು ನೋಡಿದ್ದೇನೆ. ನನಗೆ ಜ್ವರ ಬಂದಾಗ ಇಷ್ಟು ಹೊತ್ತು ಕೂತ ನೆನಪಿಲ್ಲ.

ಒಗ್ಗರಣೆಯದು ಬೇರೆಯೇ ಕತೆ. ಈ ರಾಜ್ಯದಲ್ಲಿ ಮಲಗುವ ಕೋಣೆಗೂ ಹಜಾರಕ್ಕೂ ಹೊಗೆ ಅಲಾರಂ ಕಡ್ಡಾಯ. ಮನೆ ಸುಟ್ಟರೆ ಕೂಗಬೇಕಾದ ಆ ಪೆಟ್ಟಿಗೆ ಬ್ಯಾಡಗಿ ಮೆಣಸಿನಕಾಯಿಗೂ ಕೂಗುತ್ತದೆ. ಸಾಸಿವೆ ಸಿಡಿಯುವ ಮೊದಲೇ ಮಗಳು ಟವೆಲ್ ಹಿಡಿದು ಅದರ ಕೆಳಗೆ ಬೀಸುತ್ತ ನಿಲ್ಲಬೇಕು. ನಡೆಯಲು ಕಲಿತ ಮೇಲೆ ಅವಳಿಗೆ ವಹಿಸಿದ ಮೊದಲ ಜವಾಬ್ದಾರಿ ಅದು. ಶಾಲೆಯಲ್ಲಿ ‘ನಮ್ಮ ಮನೆಯ ಅಡುಗೆ’ ಎಂಬ ಚಿತ್ರ ಬರೆಯಲು ಹೇಳಿದಾಗ ಅವಳು ಟವೆಲ್ ಬರೆದುಕೊಟ್ಟು ಬಂದಳು.

ಆಮೇಲೆ ಕಿಟಕಿ. ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಮನೆಯ ಕಿಟಕಿಗಳನ್ನೆಲ್ಲ ಐದ್ಹತ್ತು ನಿಮಿಷ ಪೂರ್ತಿ ತೆರೆದಿಡಬೇಕೆಂದು ಬಾಡಿಗೆ ಕರಾರಿನಲ್ಲೇ ಬರೆದಿರುತ್ತದೆ. ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ ನಾವು ಶಾಲು ಹೊದ್ದು ಸೋಫಾದ ಮೇಲೆ ಸಾಲಾಗಿ. “ದುಡ್ಡು ಸುರಿದು ಮನೆ ಕಾಯಿಸೋದು, ಕಾಯಿಸಿದ್ದನ್ನ ಬೀದಿಗೆ ಬಿಡೋದು. ಬುದ್ಧಿವಂತರ ದೇಶ ಅಂದಿದ್ರಲ್ಲ ರೀ?” ಎಂದು ಹೆಂಡತಿ ಹಲ್ಲು ಕಟಕಟಿಸುತ್ತ ಕೇಳುತ್ತಾಳೆ. ನಾನು ಆ ಕ್ಷಣದಲ್ಲಿ ಜರ್ಮನ್ ಸರ್ಕಾರದ ವಕ್ತಾರ. ಅಡುಗೆ, ಸ್ನಾನ, ಉಸಿರು ಇವುಗಳ ತೇವವೆಲ್ಲ ತಣ್ಣನೆಯ ಗೋಡೆಯ ಮೇಲೆ ಕೂತು ಬೂಸಲು ಹಿಡಿಯುವ ಬಗೆಯನ್ನು, ಗಾಳಿಯನ್ನು ಬೇಗ ಬದಲಿಸಿದರೆ ಗೋಡೆಯ ಶಾಖ ಉಳಿಯುವ ಭೌತಶಾಸ್ತ್ರವನ್ನು ಮೂಗೊರೆಸಿಕೊಳ್ಳುತ್ತ ವಿವರಿಸುತ್ತೇನೆ. ವಿವರಣೆ ಮುಗಿಯುವಷ್ಟರಲ್ಲಿ ಹತ್ತು ನಿಮಿಷ ಆಗಿರುತ್ತದೆ. ಅದರಿಂದ ನನ್ನ ಮಾತಿಗೆ ಆ ಮಟ್ಟಿನ ಉಪಯೋಗವಿದೆ.

ಆದರೆ ಕಳೆದ ಚಳಿಗಾಲ ಬೆಂಗಳೂರಿನಿಂದ ಬಂದ ಅವಳ ಚಿಕ್ಕಪ್ಪನ ಮಗ ಕಿಟಕಿಯ ಬಗ್ಗೆ ಇದೇ ಮಾತು ಆಡಿದ. ನಾನು ತಲೆಯಾಡಿಸಲು ಶುರುಮಾಡಿದ್ದೆ. ಅಷ್ಟರಲ್ಲಿ ಹೆಂಡತಿ ಎದ್ದು ನಿಂತಳು. ತೇವ, ಬೂಸಲು, ಗೋಡೆಯ ಶಾಖ ಎಲ್ಲವನ್ನೂ ನನಗಿಂತ ಚೆನ್ನಾಗಿ, ನನಗಿಂತ ಜೋರಾಗಿ ಹೇಳಿ, ಕೊನೆಗೆ “ಸುಮ್ನೆ ಯಾರೂ ನಿಯಮ ಮಾಡಿರಲ್ಲ ಕಣೋ” ಎಂದು ಮುಗಿಸಿದಳು. ಆಗ ನನಗೆ ಬೇರೆ ದಾರಿಯಿರಲಿಲ್ಲ. ಹೊಗಳುವ ಕುರ್ಚಿ ತುಂಬಿತ್ತು. ಬೈಯುವ ಕುರ್ಚಿಯಲ್ಲಿ ನಾನು ಕೂತೆ.

ಭಾನುವಾರದ ವಿಷಯದಲ್ಲೂ ಹೀಗೇ ಆಯಿತು. ಇಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ. ಅದು ಅಂಗಡಿಯವರ ಸೋಮಾರಿತನವೇನಲ್ಲ, ಸಂವಿಧಾನದ ಮಾತು. 1919ರ ವೈಮಾರ್ ಸಂವಿಧಾನ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ರಕ್ಷಿಸಿತು. 1949ರಲ್ಲಿ ಹೊಸ ಸಂವಿಧಾನ ಬರೆದವರು ಆ ಕಲಮನ್ನು ಹಾಗೇ ಎತ್ತಿ ಒಳಗಿಟ್ಟುಕೊಂಡರು. ಅಂದರೆ ಭಾನುವಾರ ಕೊತ್ತಂಬರಿ ಸೊಪ್ಪು ಮುಗಿದರೆ ಎರಡು ಸಂವಿಧಾನ ತಿದ್ದಬೇಕು. ಬಂದ ಹೊಸದರಲ್ಲಿ ಹೆಂಡತಿ ಖಾಲಿ ಬೀದಿಯನ್ನು ಕಿಟಕಿಯಿಂದ ನೋಡಿ, “ಯಾರಾದ್ರೂ ದೊಡ್ಡೋರು ಸತ್ರೇನ್ರೀ?” ಎಂದು ಕೇಳಿದ್ದಳು. ನಾನು ವಿಶ್ರಾಂತಿಯ ಮಹತ್ವ ಹೇಳಿದ್ದೆ. ಈಗ ಭಾನುವಾರ ಒಂಬತ್ತರವರೆಗೆ ಮಲಗುವವಳು ಅವಳೇ. ಮೈಸೂರಿನಲ್ಲಾದರೆ ಏಳಕ್ಕೇ ಬೆಲ್ ಮಾಡಿ, “ಇದೇ ದಾರೀಲಿ ಹೋಗ್ತಾ ಇದ್ವಿ” ಎಂದು ಐದು ಜನ ಒಳಗೆ ಬರುತ್ತಿದ್ದರು, ಇಲ್ಲಿ ನೆಂಟರು ಬರಬೇಕಾದರೂ ಹದಿನೈದು ದಿನ ಮೊದಲು ದಿನಾಂಕ ಕೇಳುತ್ತಾರೆ ಎಂಬುದು ಅವಳ ಈಗಿನ ಸ್ತೋತ್ರ. ಅಲಿಖಿತ ಒಪ್ಪಂದದ ಪ್ರಕಾರ ಭಾನುವಾರ ಬೇಸರಪಡುವ ಕೆಲಸ ನನಗೆ ಬಂತು. ಕಿಟಕಿಯಲ್ಲಿ ನಿಂತು, ಒಬ್ಬನಾದರೂ ಸೊಪ್ಪು ಮಾರುವವನು ಕೂಗಬಾರದೇ ಎಂದುಕೊಳ್ಳುತ್ತೇನೆ.

ನಾನು ಮನಸಾರೆ, ಯಾವ ಪಾಳಿಯ ಹಂಗೂ ಇಲ್ಲದೆ ಪ್ರೀತಿಸುವುದು ಒಂದೇ ಒಂದನ್ನು: ಖಾಲಿ ಬಾಟಲಿಯ ಠೇವಣಿ. 2003ರಿಂದ ಇಲ್ಲಿ ಒಂದು ಸಲ ಬಳಸಿ ಎಸೆಯುವ ಬಾಟಲಿ, ಡಬ್ಬಿಗಳ ಬೆಲೆಯ ಮೇಲೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಕೊಟ್ಟರೆ ಅದು ಗರ್ರೆಂದು ತಿರುಗಿಸಿ ನೋಡಿ, ನುಂಗಿ, ಚೀಟಿ ಕೊಡುತ್ತದೆ. ತೊಂದರೆಯೇನೆಂದರೆ ನಾವು ಮನೆಯಲ್ಲಿ ಕುಡಿಯುವುದು ನಲ್ಲಿ ನೀರು. ಆಲ್ಪ್ಸ್ ತಪ್ಪಲಿನ ಬೋಡನ್ ಸರೋವರದಿಂದ ಕೊಳವೆಯಲ್ಲಿ ಈ ಊರಿಗೆ ನೀರು ಬರುತ್ತಿರುವಾಗ ದುಡ್ಡು ಕೊಟ್ಟು ಬಾಟಲಿ ಕೊಳ್ಳಲು ನನಗೇನು ಹುಚ್ಚೇ? ಹಾಗಾಗಿ ನನ್ನ ಕಣ್ಣು ಅತಿಥಿಗಳ ಬಾಟಲಿಯ ಮೇಲೆ. ಅವರು ಕೊನೆಯ ಗುಟುಕು ಕುಡಿಯುವುದನ್ನೇ ಕಾಯುತ್ತ, ಮಾತಿನ ನಡುವೆ ಮೆಲ್ಲಗೆ ಕೈಚಾಚುತ್ತೇನೆ. ಕಚೇರಿಯ ಪಿಕ್ನಿಕ್ಕುಗಳಲ್ಲಿ ಕೊನೆಯವರೆಗೆ ಉಳಿದು ಜಾಗ ಚೊಕ್ಕಟ ಮಾಡುವ ಜವಾಬ್ದಾರಿಯುತ ಮನುಷ್ಯ ಎಂಬ ಹೆಸರು ನನಗಿದೆ. ಶ್ವಾಬರ ಕೈಬಿಗಿತದ ಬಗ್ಗೆ ಜರ್ಮನಿಯ ಉಳಿದ ಭಾಗದವರು ನಗೆಹನಿ ಹೇಳಿಕೊಂಡು ನಗುತ್ತಾರೆ. ನನಗೆ ಆ ನಗೆಹನಿಗಳಲ್ಲಿ ನಗುವುದೇನಿದೆಯೆಂದು ತಿಳಿಯುವುದಿಲ್ಲ. ಎಲ್ಲವೂ ಒಳ್ಳೆಯ ಸಲಹೆಗಳೇ. “ನೀವು ಇಲ್ಲಿಗೆ ಬಂದು ಬದಲಾಗಲಿಲ್ಲ ರೀ, ಸರಿಯಾದ ಊರಿಗೆ ಬಂದು ಸೇರಿದ್ರಿ” ಎಂದು ಹೆಂಡತಿ ತೀರ್ಪು ಕೊಟ್ಟಿದ್ದಾಳೆ.

ಇಷ್ಟರ ನಡುವೆ ಅಮ್ಮ ಬಂದಳು. ಪ್ರವಾಸಿ ವೀಸಾದ ಮೇಲೆ ತೊಂಬತ್ತು ದಿನ ಇರಬಹುದು. ಮಿಶ್ರ ಭಾವನೆಗೆ ಅಷ್ಟು ದಿನ ಸಾಲದು. ಅಮ್ಮನಿಗೆ ತೀರ್ಪಿಗೆ ಒಂದು ದಿನ ಹೆಚ್ಚು. ಬಂದ ಮರುದಿನವೇ ಅಂಗಡಿಯಲ್ಲಿ ಒಂದು ತೆಂಗಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ಊರಿನಿಂದ ಬಂದವಳು. “ಎಷ್ಟಂತೆ ಇದಕ್ಕೆ?” ಹೇಳಿದೆ. ಕಾಯಿಯನ್ನು ಎರಡು ಕೈಯಲ್ಲಿ ಹಿಡಿದು ಇದ್ದಲ್ಲಿಗೇ ಇಟ್ಟು, “ನಮ್ಮ ತೋಟದಲ್ಲಿ ಇಲಿ ಕೊರೆದು ಬಿದ್ದಿದ್ದು ಇದಕ್ಕಿಂತ ತೂಕ ಬರುತ್ತೆ. ಇಲಿಗಳು ಪುಣ್ಯ ಮಾಡಿದ್ವು” ಎಂದಳು.

ನಾನು ಹೆದರಿದ್ದು ಕೆಳಗಿನ ಅಜ್ಜಿಯ ವಿಷಯಕ್ಕೆ. ಯಾಕೆಂದರೆ ಅಮ್ಮ ಬೆಳಗ್ಗೆ ಎದ್ದು ಕಟ್ಟಡದ ಮುಂಬಾಗಿಲಿಗೆ ಒಂದು ಬಕೆಟ್ ನೀರು ಹಾಕಿ, ತೊಳೆದು, ಅಕ್ಕಿಹಿಟ್ಟಿನಲ್ಲಿ ನಾಲ್ಕೆಳೆ ರಂಗೋಲಿ ಎಳೆದುಬಿಟ್ಟಿದ್ದಳು. ಅದು ನಮ್ಮ ಪಾಳಿಯ ವಾರವೂ ಅಲ್ಲ. ಅಜ್ಜಿ ಬಂದರು. ರಂಗೋಲಿ ನೋಡಿದರು. ತೊಳೆದ ಕಲ್ಲು ನೋಡಿದರು. ಬಗ್ಗಿ ಹೊಸ್ತಿಲ ಸಂದಿ ನೋಡಿದರು. ಅಮ್ಮ ಸಂದಿಯನ್ನೂ ಉಜ್ಜಿದ್ದಳು. ಏನೂ ಹೇಳದೆ, ರಂಗೋಲಿ ದಾಟಿಕೊಂಡು ಹೊರಟುಹೋದರು. ನನಗೆ ಬೆವರು. “ಬೈದರೇನೋ?” ಎಂದಳು ಅಮ್ಮ. ಇಲ್ಲ ಎಂದೆ. ಬೈಯದೆ ಇದ್ದರೆ ಅದೇ ಸಾಕಷ್ಟು ಹೊಗಳಿದ ಹಾಗೆ ಎಂಬ ಗಾದೆಯೇ ಈ ಸೀಮೆಯಲ್ಲಿದೆ. ಅದನ್ನು ಹೇಳಿದಾಗ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ನನಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದ ದಿನ ಅಪ್ಪ ಪೇಪರಿನಿಂದ ತಲೆಯೆತ್ತದೆ “ಹೂಂ, ಮೋಟರ್ ಆಫ್ ಮಾಡಿ ಬಾ” ಎಂದಿದ್ದರು. “ನಿಮ್ಮಪ್ಪ ಇಲ್ಲೇ ಹುಟ್ಟಬೇಕಾಗಿತ್ತು ಬಿಡು” ಎಂದಳು.

ವಾರ ಕಳೆಯುವಷ್ಟರಲ್ಲಿ ಇಬ್ಬರು ಮುದುಕಿಯರೂ ಹಿತ್ತಿಲ ಬೆಂಚಿನ ಮೇಲೆ ಕೂತು ಮಾತಾಡತೊಡಗಿದರು. ಒಬ್ಬರದು ಬರ್ಲಿನ್ನಿನವರಿಗೂ ಅರ್ಥವಾಗದ ಶ್ವಾಬ ಜರ್ಮನ್, ಇನ್ನೊಬ್ಬರದು ಅಪ್ಪಟ ತುಮಕೂರು ಸೀಮೆಯ ಕನ್ನಡ. ವರ್ಷಗಟ್ಟಲೆ ಜರ್ಮನ್ ಕಲಿತು, ಪರೀಕ್ಷೆ ಪಾಸು ಮಾಡಿ, ಆ ಅಜ್ಜಿಯ ಜೊತೆ ‘ಗುಡ್ ಮಾರ್ನಿಂಗ್, ಚಳಿ ಜಾಸ್ತಿ’ಯಿಂದ ಮುಂದಕ್ಕೆ ಹೋಗದ ನಾನು ಬಾಲ್ಕನಿಯಿಂದ ಇಣುಕಿ ನೋಡುತ್ತಿದ್ದೆ.

“ಏನಂತೆ ಅಮ್ಮ ಅವರದು?”

“ಪಾಪ ಕಣೋ, ಅವಳ ಸೊಸೇನೂ ಫೋನ್ ಮಾಡಲ್ವಂತೆ.”

“ಅದು ನಿಂಗೆ ಹೇಗೆ ಗೊತ್ತಾಯ್ತು?”

“ಅದಕ್ಕೆ ಭಾಷೆ ಯಾಕೋ ಬೇಕು?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. “ಸೊಸೇ‘ನೂ’ ಅಂದ್ರೆ?” ಎಂದು ನನ್ನ ಹೆಂಡತಿ ಕೇಳಿದಳು. ಆ ಸಂಜೆ ಅಲಾರಂ ಒಗ್ಗರಣೆಯಿಲ್ಲದೆಯೇ ಕೂಗುವ ಹಾಗಿತ್ತು.

ಹೊರಡುವ ದಿನ ಅಮ್ಮ ಕೊಟ್ಟ ಅಂತಿಮ ಅಭಿಪ್ರಾಯ ಇಷ್ಟು: “ಊರೇನೋ ಚೆನ್ನಾಗಿದೆ ಕಣಪ್ಪ. ಜನಾನೂ ಇದ್ದಿದ್ರೆ ಇನ್ನೂ ಚೆನ್ನಾಗಿರೋದು.”

ನಾವು ರಜೆಗೆಂದು ಊರಿಗೆ ಹೋದಾಗ ನಮ್ಮ ವ್ಯಾಧಿ ಉಲ್ಬಣಿಸುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣದ ಹೊರಗೆ ಕಾಲಿಟ್ಟು ಮೊದಲ ಹಾರನ್ ಕೇಳಿದ ಕೂಡಲೇ, ಸ್ಟುಟ್‌ಗಾರ್ಟಿನಲ್ಲಿ ಪರಸ್ಪರ ವಿರೋಧಿಗಳಾಗಿದ್ದ ಗಂಡಹೆಂಡಿರಿಬ್ಬರೂ ಒಂದೇ ಪಕ್ಷವಾಗಿ ಜರ್ಮನಿಯ ಗುಣಗಾನಕ್ಕಿಳಿಯುತ್ತೇವೆ. ನನ್ನ ಭಾವಮೈದುನ ಇಂಥದಕ್ಕೇ ಕಾಯುತ್ತಿರುತ್ತಾನೆ. ಈಜಿಪುರದ ಮೇಲ್ಸೇತುವೆಯ ಕಂಬಗಳ ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ನಾನು, “2017ರಲ್ಲಿ ಶುರು ಮಾಡಿದ್ದಲ್ವೇನೋ ಇದು? ನಮ್ಮಲ್ಲಾಗಿದ್ರೆ...” ಎಂದೆ.

“ನಿಮ್ಮಲ್ಲಿ ಅಂದ್ರೆ ಎಲ್ಲಿ ಭಾವ? ತಿಪಟೂರಲ್ಲಾ?”

ಅವನು ಸ್ಟೀರಿಂಗ್ ಬಿಟ್ಟು ಫೋನ್ ತೆಗೆದ. ಗಾಡಿ ಹೇಗೂ ನಿಂತೇ ಇತ್ತು. ಸ್ಟುಟ್‌ಗಾರ್ಟಿನ ಮುಖ್ಯ ರೈಲು ನಿಲ್ದಾಣವನ್ನು ನೆಲದಡಿಗೆ ಇಳಿಸುವ ಕಾಮಗಾರಿ 2010ರಲ್ಲಿ ಶುರುವಾಯಿತು, 2019ಕ್ಕೆ ರೈಲು ಓಡಬೇಕಿತ್ತು, 450 ಕೋಟಿ ಯೂರೋ ಎಂದಿದ್ದ ಖರ್ಚು 1,100 ಕೋಟಿ ದಾಟಿತು, ಮುಗಿಯುವ ದಿನಾಂಕ ಮುಂದೆ ಮುಂದೆ ಹೋಗುತ್ತಿದೆ ಎಂದು ಓದಿದ. ಆಮೇಲೆ, 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವು ನೂರಕ್ಕೆ 62ರಷ್ಟು ಎಂದ. ಐದು ನಿಮಿಷ ತಡವಾದರೆ ಅದನ್ನೂ ಹೊತ್ತಿಗೆ ಸರಿಯಾಗಿ ಬಂದದ್ದೆಂದೇ ಲೆಕ್ಕ ಹಿಡಿಯುತ್ತಾರೆ ಎಂದೂ ಸೇರಿಸಿದ. ಅಷ್ಟಕ್ಕೆ ಬಿಡದೆ ಎಳನೀರಿನವನ ಕ್ಯೂಆರ್ ಫಲಕಕ್ಕೆ ಫೋನ್ ಹಿಡಿದು ದುಡ್ಡು ಕೊಟ್ಟು, “ನಿಮ್ಮಲ್ಲಿ ಬೇಕರಿಗೆ ಹೋದ್ರೆ ಇನ್ನೂ ಚಿಲ್ಲರೆ ಎಣಿಸ್ತೀರಂತೆ?” ಎಂದ. ನಾನು ಸ್ಟುಟ್‌ಗಾರ್ಟಿಗೆ ವಾಪಸಾದ ಮರುದಿನ ಕಚೇರಿಯಲ್ಲಿ ಊಟದ ಹೊತ್ತಿಗೆ, ನಮ್ಮ ದೇಶದಲ್ಲಿ ಎಳನೀರಿನವನೂ ಫೋನಿನಲ್ಲೇ ದುಡ್ಡು ತಗೊಳ್ಳುತ್ತಾನೆ ಗೊತ್ತೇ ಎಂದು ಎದೆಯುಬ್ಬಿಸಿ ಹೇಳಿದೆ.

ಇಷ್ಟು ವರ್ಷಗಳಲ್ಲಿ ನಾವು ಕಂಡುಕೊಂಡ ನಮ್ಮ ನಿಜವಾದ ವೃತ್ತಿ ಇದೇ: ಎದುರಿಗಿಲ್ಲದ ದೇಶದ ವಕಾಲತ್ತು. ಇಲ್ಲಿದ್ದಾಗ ಅಲ್ಲಿನ ಪರ, ಅಲ್ಲಿದ್ದಾಗ ಇಲ್ಲಿನ ಪರ. ಕಾಲ ಕೆಳಗಿರುವ ನೆಲಕ್ಕೆ ಮಾತ್ರ ಎಂದೂ ವಾದ ಮಾಡಿದವರಲ್ಲ.

ಊರಿನಿಂದ ಯಾರೇ ಬಂದರೂ ಅವರನ್ನು ನಾನು ಟ್ಯೂಬಿಂಗನ್ನಿಗೆ ಕರೆದುಕೊಂಡು ಹೋಗುತ್ತೇನೆ. ಸ್ಟುಟ್‌ಗಾರ್ಟಿನಿಂದ ದಕ್ಷಿಣಕ್ಕೆ, ನದೀತೀರದ ಹಳೆಯ ಊರು. ರೈಲು ಸರಿಯಾಗಿ ಬಂದರೆ ಒಂದು ಗಂಟೆಯ ದಾರಿ. ನಮ್ಮ ಮೆಟ್ಟಿಲಿಗೆ ಪೊರಕೆ ಬರಲು ಕಾರಣನಾದ ಅದೇ ಎಬರ್‌ಹಾರ್ಡ್ ದೊರೆ 1477ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯ ಅಲ್ಲಿದೆ. ಆ ವಿಶ್ವವಿದ್ಯಾಲಯವೇ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಫರ್ಡಿನಾಂಡ್ ಕಿಟೆಲ್ ಅವರಿಗೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ನಾಡಿಗೆ ಹೊರಟವರು, ಧಾರವಾಡ, ಮಂಗಳೂರು, ಮಡಿಕೇರಿ ಎಂದು ಬಾಳಿದವರು, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಅಚ್ಚು ಮಾಡಿಸಿದವರು. ಕೊನೆಯ ವರ್ಷಗಳನ್ನು ಟ್ಯೂಬಿಂಗನ್ನಿನಲ್ಲಿ ಕಳೆದು, 1903ರಲ್ಲಿ ಅಲ್ಲೇ ತೀರಿಕೊಂಡರು. ಇದನ್ನೆಲ್ಲ ನಾನು ಅತಿಥಿಗಳಿಗೆ ಗದ್ಗದನಾಗಿ ಹೇಳುತ್ತೇನೆ.

ಪ್ರತಿಸಲವೂ ಹೆಂಡತಿ ಕೇಳುವುದು ಒಂದೇ ಪ್ರಶ್ನೆ: “ಅವರು ನಮ್ಮೂರಿಗೆ ಬಂದು ನಿಘಂಟು ಬರೆದ್ರು. ನೀವು ಅವರೂರಿಗೆ ಬಂದು ಏನು ಬರೆದ್ರಿ?”

“ಬ್ರೇಕಿನ ಸಾಫ್ಟ್‌ವೇರ್.”

“ಅದಲ್ಲ, ಇಲ್ಲಿನೋರು ಓದೋ ಹಾಗೆ?”

ಇಲ್ಲಿನವರು ಓದುವಂತೆ ನನ್ನ ಹೆಸರಿರುವುದು ಮೆಟ್ಟಿಲು ಒರೆಸುವ ಪಟ್ಟಿಯಲ್ಲಿ ಮಾತ್ರ. ಅದರಲ್ಲೂ ಒಂದು ಅಕ್ಷರ ಕಡಿಮೆ.

ಆದರೂ ಅಲ್ಲಿಗೆ ಹೋದಾಗಲೆಲ್ಲ ನನಗೊಂದು ಗುಮಾನಿ. ಟ್ಯೂಬಿಂಗನ್ನಿನ ಡಿಸೆಂಬರಿನಲ್ಲಿ ಕಾಲಿಗೆ ಕಂಬಳಿ ಸುತ್ತಿಕೊಂಡು ಕೂತ ಕಿಟೆಲ್ಲರು, ‘ಧಾರವಾಡದಲ್ಲಿ ಹೀಗಿರಲಿಲ್ಲ’ ಎಂದು ಮನೆಯವರ ತಲೆ ತಿಂದಿರಲಿಕ್ಕಿಲ್ಲವೇ? ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಟ್ಟೆ ಒಣಗದಿದ್ದಾಗ ‘ನಮ್ಮಲ್ಲಾಗಿದ್ದರೆ...’ ಎಂದಿರಲಿಕ್ಕಿಲ್ಲವೇ? ಇದಕ್ಕೆ ದಾಖಲೆಯೇನೂ ಇಲ್ಲ, ನನ್ನ ಊಹೆ. ದೊಡ್ಡವರ ಜೊತೆ ನಮಗೆ ಸಾಮ್ಯ ಸಿಗುವುದು ಇಂಥ ಊಹೆಗಳಲ್ಲಿ ಮಾತ್ರವಾದ್ದರಿಂದ ನಾನದನ್ನು ಬಿಟ್ಟುಕೊಟ್ಟಿಲ್ಲ.

ಈಗ ಮನೆಯಲ್ಲಿ ಎದ್ದಿರುವುದು ಪೌರತ್ವದ ಪ್ರಶ್ನೆ. 2024ರ ಜೂನ್‌ನಲ್ಲಿ ಕಾನೂನು ಬದಲಾಯಿತು. ಎಂಟು ವರ್ಷ ಕಾಯುವ ಬದಲು ಐದೇ ವರ್ಷಕ್ಕೆ ಅರ್ಜಿ ಹಾಕಬಹುದು. ಹಳೆಯ ಪಾಸ್‌ಪೋರ್ಟ್ ಬಿಡಬೇಕೆಂದು ಜರ್ಮನಿ ಈಗ ಕೇಳುವುದಿಲ್ಲ. ಆದರೆ ಎರಡು ದೋಣಿಯಲ್ಲಿ ಕಾಲಿಡಲು ಭಾರತದ ಕಾನೂನು ಬಿಡುವುದಿಲ್ಲ. ಇಲ್ಲಿನದಾದರೆ ಅಲ್ಲಿನದು ಹೋಯಿತು. ಬದಲಿಗೆ ಸಾಗರೋತ್ತರ ನಾಗರಿಕನೆಂಬ ಕಾರ್ಡು. ಆ ಕಾರ್ಡಿದ್ದವನು ಮನೆ ಕೊಳ್ಳಬಹುದು, ಓಟು ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.

“ನಮ್ಮ ಪಕ್ಕದ ತೋಟ ಮಾರಾಟಕ್ಕೆ ಬಂದ್ರೆ?” ಎಂದೆ ನಾನು.

“ಬಂದ್ರೆ ಕೊಳ್ಳೋಕೆ ದುಡ್ಡೆಲ್ಲಿದೆ?”

“ದುಡ್ಡಿನ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ.”

ಪೌರತ್ವ ಪರೀಕ್ಷೆಯಲ್ಲಿ 33 ಪ್ರಶ್ನೆ, 17 ಸರಿಯಾದರೆ ಪಾಸು. ಮಗಳು ಪುಸ್ತಕ ಹಿಡಿದು ಊಟದ ಮೇಜಿನಲ್ಲಿ ನಮಗೆ ಪಾಠ ಮಾಡುತ್ತಿದ್ದಾಳೆ. ಸಂಸತ್ತಿನ ಅವಧಿ, ರಾಜ್ಯಗಳ ಸಂಖ್ಯೆ, ಚಾನ್ಸಲರನ್ನು ಆರಿಸುವವರು ಯಾರು ಎಂದೆಲ್ಲ ಕೇಳುತ್ತಾಳೆ. ಕೇರ್‌ವೋಖದ ಬಗ್ಗೆ ಒಂದೂ ಪ್ರಶ್ನೆಯಿಲ್ಲದ್ದು ನೋಡಿ ನನಗೆ ನಿರಾಸೆಯಾಯಿತು. ಪ್ರಾಕ್ಟಿಕಲ್ ಪರೀಕ್ಷೆ ಇಟ್ಟಿದ್ದರೆ ಚಿನ್ನದ ಪದಕ ನನ್ನದೇ.

ನನ್ನನ್ನು ಪೌರತ್ವದ ಕಡೆಗೆ ನೂಕಿದ್ದು ಕೆಳಗಿನ ಅಜ್ಜಿ. ಮೊನ್ನೆ ಶನಿವಾರ ನಾನು ಒರೆಸುತ್ತಿರುವಾಗ ಬಂದು ನಿಂತು, ಅರ್ಧ ಗಂಟೆ ಜರ್ಮನಿಯನ್ನು ಬೈದರು. ರೈಲು ಬೈದರು, ನಿಲ್ದಾಣ ಬೈದರು, ತಿಂಗಳಿಗೆ 18.36 ಯೂರೋ ಕಿತ್ತುಕೊಳ್ಳುವ ಟಿವಿ ಶುಲ್ಕ ಬೈದರು, ಕಂಬಿಯ ಕೆಳಗೆ ಒರೆಸದ ಇಂದಿನ ಯುವಜನಾಂಗವನ್ನು ಬೈದರು. ನಾನೂ ಉತ್ಸಾಹದಿಂದ, ಹೌದು, ಕಿಟಕಿಯ ನಿಯಮವೂ ಸ್ವಲ್ಪ ಅತಿಯೇ ಎಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಿಟಕಿ ತೆರೆಯದಿದ್ದರೆ ಬೂಸಲು ಹಿಡಿಯುತ್ತದೆ ಎಂದಷ್ಟೇ ಹೇಳಿ ಹೊರಟುಹೋದರು. ನನಗೆ ಆಗ ಹೊಳೆಯಿತು. ಪರದೇಶಿ ಬೈದರೆ ಕೃತಘ್ನತೆ, ಪ್ರಜೆ ಬೈದರೆ ಪ್ರಜಾಪ್ರಭುತ್ವ. ಇಷ್ಟು ವರ್ಷ ನಾನು ಬೈದದ್ದೆಲ್ಲ ಲೈಸೆನ್ಸ್ ಇಲ್ಲದೆ ಬೈದದ್ದು.

ಹೆಂಡತಿಗೆ ಹೇಳಿದೆ. ಅವಳು ಕೂಡಲೇ ಗಂಟು ಎಲ್ಲಿದೆಯೆಂದು ತೋರಿಸಿದಳು: “ಹಾಗಾದ್ರೆ ಆ ಪಾಸ್‌ಪೋರ್ಟ್ ಕೊಟ್ಟ ದಿನದಿಂದ ಬೆಂಗಳೂರನ್ನ ಬೈಯೋ ಹಾಗಿಲ್ಲ.” ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಬೆಂಗಳೂರನ್ನು ಬೈಯದೆ ಬದುಕುವುದು ಹೇಗೆ? ಕೊನೆಗೆ ಅವಳೇ ಪರಿಹಾರ ಸೂಚಿಸಿದಳು. ಒಬ್ಬರು ಜರ್ಮನ್ ಆಗುವುದು, ಒಬ್ಬರು ಭಾರತೀಯರಾಗಿಯೇ ಉಳಿಯುವುದು. ಎರಡೂ ದೇಶ ಬೈಯುವ ಹಕ್ಕು ಸಂಸಾರದಲ್ಲೇ ಉಳಿಯುತ್ತದೆ. ಆಗುವವರು ಯಾರು ಎಂದು ಇನ್ನೂ ತೀರ್ಮಾನವಾಗಿಲ್ಲ. “ನೀವೇ ಆಗಿ, ಅರ್ಧ ಆಗಿಬಿಟ್ಟಿದೀರ” ಎನ್ನುತ್ತಾಳೆ ಅವಳು. “ನೀನೇ ಆಗು, ಭಾನುವಾರ ಒಂಬತ್ತರವರೆಗೆ ಮಲಗೋಳು ನೀನು” ಎನ್ನುತ್ತೇನೆ ನಾನು.

ಅರ್ಜಿ ಶುಲ್ಕ ದೊಡ್ಡವರಿಗೆ 255 ಯೂರೋ. ತಂದೆಯೋ ತಾಯಿಯೋ ಜೊತೆಗಿದ್ದರೆ ಮಕ್ಕಳಿಗೆ 51. ಮಗಳನ್ನು ಈಗಲೇ ಜೊತೆಗೆ ಸೇರಿಸಿಕೊಂಡರೆ 204 ಯೂರೋ ಉಳಿತಾಯ ಎಂಬುದು ನನ್ನ ಮಟ್ಟಿಗೆ ಈ ವಾದದ ಅತ್ಯಂತ ಬಲವಾದ ಅಂಶ. ಅಮ್ಮನಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವಳು ಗಾಬರಿಯಾಗಲಿಲ್ಲ. “ಅನ್ನನೀರಿನ ಋಣ ಎಲ್ಲಿರುತ್ತೋ ಅಲ್ಲಿರಬೇಕಪ್ಪ. ಋಣ ತೀರಿದ ದಿನ ಯಾರು ಹಿಡಿದ್ರೂ ನಿಲ್ಲಲ್ಲ” ಎಂದಳು.

ನಾನು ಅರ್ಜಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಒಬ್ಬ ದೊಡ್ಡವರು, ಒಬ್ಬಳು ಮಗಳು, ಒಟ್ಟು 306 ಯೂರೋ. 25 ಸೆಂಟಿನಂತೆ 1,224 ಬಾಟಲಿ. “ನೋಡು, 1,224 ಬಾಟಲಿ ವಾಪಸ್ ಕೊಟ್ರೆ ಈ ದೇಶದ ನೀರಿನ ಋಣ ಚುಕ್ತಾ” ಎಂದು ಹೆಂಡತಿಗೆ ತೋರಿಸಿದೆ.

ಅವಳು ಲೆಕ್ಕ ನೋಡಿದಳು, ನನ್ನನ್ನೂ ನೋಡಿದಳು. “ನೀವು ಕುಡಿಯೋದು ನಲ್ಲಿ ನೀರು ರೀ. ನಿಮ್ಮ ಋಣ ತೀರೋ ಹಾಗೇ ಇಲ್ಲ.”